ಎರಡು ಪ್ರಶ್ನೆ, ಎರಡು ಉತ್ತರ: ಕೀವ್ ನಗರದ ಬೇಲಿಸ್ ಪ್ರಕರಣ

ರಷ್ಯನ್ನರು ಮತ್ತು ಯಹೂದಿಗಳ ಸಂಬಂಧವನ್ನು ಎರಡು ಮಾತಿನಲ್ಲಿ ಮುಗಿಸಿಬಿಡುವವರೇ ಹೆಚ್ಚು. ರಷ್ಯದ ಜನ ಹುಟ್ಟಿನಿಂದಲೇ ಯಹೂದಿ ದ್ವೇಷಿಗಳು ಎನ್ನುವವರು ಒಂದು ಕಡೆ. ದ್ವೇಷವೆಲ್ಲ ಝಾರ್ ಚಕ್ರವರ್ತಿಯ ಆಡಳಿತದ್ದು, ಜನಸಾಮಾನ್ಯರಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತುಗಳನ್ನೂ ಒರೆಗೆ ಹಚ್ಚಲು ನನಗೆ ಕಾಣುವ ಜಾಗ ಒಂದೇ. ಅದು ಕೀವ್ ನಗರದಲ್ಲಿ, ಸಂತ ಸೋಫಿಯಾ ಕೆಥೆಡ್ರಲ್‌ಗೆ ಎದುರಾಗಿದ್ದ ನ್ಯಾಯಾಲಯದ ಒಂದು ಸಭಾಂಗಣ. 1913ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 28ರವರೆಗೆ, ಮೂವತ್ತನಾಲ್ಕು ದಿನ, ಕ್ರೈಸ್ತ ಹುಡುಗನೊಬ್ಬನನ್ನು ಕೊಂದ ಆರೋಪದ ಮೇಲೆ ಅಲ್ಲಿ ಮೆಂಡೆಲ್ ಬೇಲಿಸ್ ಎಂಬ ಇಟ್ಟಿಗೆ ಕಾರ್ಖಾನೆಯ ಯಹೂದಿ ಗುಮಾಸ್ತನ ವಿಚಾರಣೆ ನಡೆಯಿತು. ಸುಮಾರು ನೂರು ವರ್ಷಗಳಲ್ಲಿ ಎರಡು ಸಮುದಾಯಗಳ ನಡುವೆ ಕೂಡಿಬಂದದ್ದೆಲ್ಲ ಅಲ್ಲಿ ಸಾಕ್ಷಿಕಟ್ಟೆ ಹತ್ತಿತು.

(ಪ್ರಕರಣದ ದಿನಾಂಕಗಳು ಆಗಿನ ರಷ್ಯದ ಹಳೆಯ ಪಂಚಾಂಗದವು. ನಮ್ಮ ಕ್ಯಾಲೆಂಡರಿಗೆ ಹದಿಮೂರು ದಿನ ಹಿಂದೆ.)

ಗುಹೆ

ಆಂಡ್ರೆ ಯುಶ್ಚಿನ್ಸ್ಕಿಗೆ ಹದಿಮೂರು ವರ್ಷ. ದ್ನೀಪರ್ ನದಿಯ ಆಚೆ ದಡದ ಬಡ ಬಡಾವಣೆಯೊಂದರಲ್ಲಿ ತಾಯಿ ಮತ್ತು ಮಲತಂದೆಯ ಜೊತೆ ಇದ್ದ. ಪಾದ್ರಿಯಾಗಲು ಓದುವವರ ಶಾಲೆಯಲ್ಲಿ ಮೊದಲ ಮೆಟ್ಟಿಲಿನ ತರಗತಿಯಲ್ಲಿದ್ದ. 1911ರ ಮಾರ್ಚ್ 12ರ ಬೆಳಿಗ್ಗೆ ಶಾಲೆಗೆಂದು ಹೊರಟವನು ಶಾಲೆ ಮುಟ್ಟಲಿಲ್ಲ. ಎಂಟು ದಿನಗಳ ನಂತರ, ಮಾರ್ಚ್ 20ರಂದು, ನಗರದಂಚಿನ ಲುಕ್ಯಾನೊವ್ಕಾ ಬಡಾವಣೆಯ ಒಂದು ಗುಹೆಯಲ್ಲಿ ಅವನ ಶವ ಸಿಕ್ಕಿತು. ಗೋಡೆಗೆ ಒರಗಿ ಕೂತ ಭಂಗಿಯಲ್ಲಿತ್ತು. ಮೈಮೇಲೆ ನಲವತ್ತೇಳು ಇರಿತ. ಅವನ ಶಾಲೆಯ ನೋಟ್‌ಪುಸ್ತಕಗಳು ಅಲ್ಲೇ ಗೋಡೆಯ ಸಂದಿಯಲ್ಲಿದ್ದವು. ಹೆಣದ ಗುರುತು ಹತ್ತಿದ್ದು ಅದರಿಂದಲೇ.

ಪೊಲೀಸರು ಮೊದಲು ಹಿಡಿದದ್ದು ತಾಯಿಯನ್ನು ಮತ್ತು ಮಲತಂದೆಯನ್ನು. ಮಗನನ್ನು ಕಳೆದುಕೊಂಡ ತಾಯಿ ಠಾಣೆಯಲ್ಲಿ ಪ್ರಶ್ನೆಗಳಿಗೆ ಉತ್ತರಿಸುತ್ತ ಕೂರಬೇಕಾಯಿತು. ಅವರ ಮೇಲೆ ಏನೂ ಸಿಗಲಿಲ್ಲ. ಅಷ್ಟರಲ್ಲಿ ಹುಡುಗನ ಶವಸಂಸ್ಕಾರದ ದಿನ ಸ್ಮಶಾನದಲ್ಲಿ ಅಚ್ಚಾದ ಕರಪತ್ರಗಳು ಕೈಯಿಂದ ಕೈಗೆ ಹರಿದಾಡಿದವು. ಯಹೂದಿಗಳು ತಮ್ಮ ಪಸ್ಕ ಹಬ್ಬಕ್ಕೆ ಕ್ರೈಸ್ತ ಹುಡುಗನನ್ನು ಹಿಂಸಿಸಿ ರಕ್ತ ಬಸಿದುಕೊಂಡಿದ್ದಾರೆ, ಸೇಡು ತೀರಿಸಿಕೊಳ್ಳಿ ಎಂಬುದು ಅದರ ಸಾರ. ಹಂಚಿದವರು 'ಕರಿ ನೂರ್ವರು' ಎಂದು ಹೆಸರಾಗಿದ್ದ ಉಗ್ರ ರಾಜಭಕ್ತ ಗುಂಪಿನವರು. ವ್ಲಾದಿಮಿರ್ ಗೊಲುಬೆವ್ ಎಂಬ ವಿದ್ಯಾರ್ಥಿ ಈ ಮಾತನ್ನು ಅಧಿಕಾರಿಗಳ ಮನೆ ಬಾಗಿಲವರೆಗೆ ಹೊತ್ತುಕೊಂಡು ಹೋದ. ಗುಹೆಯ ಹತ್ತಿರದಲ್ಲೇ ಝೈತ್ಸೆವ್ ಎಂಬ ಯಹೂದಿ ಸಿರಿವಂತರ ಇಟ್ಟಿಗೆ ಕಾರ್ಖಾನೆಯಿತ್ತು. ಅಲ್ಲಿ ಒಬ್ಬ ಯಹೂದಿ ಗುಮಾಸ್ತ ಇದ್ದಾನೆ ಎಂದು ತೋರಿಸಿದವನೂ ಅವನೇ.

ಹಳೆಯ ಸುಳ್ಳು

ಯಹೂದಿಗಳು ಹಬ್ಬದ ರೊಟ್ಟಿಗೆ ಕ್ರೈಸ್ತ ಮಕ್ಕಳ ರಕ್ತ ಬೆರೆಸುತ್ತಾರೆ ಎಂಬ ಅಪವಾದ ರಷ್ಯದಲ್ಲಿ ಹುಟ್ಟಿದ್ದಲ್ಲ. ಅದು ಮಧ್ಯಯುಗದ ಇಂಗ್ಲೆಂಡಿನಲ್ಲಿ ತಲೆಯೆತ್ತಿ ಜರ್ಮನ್ ಮತ್ತು ಪೋಲಿಷ್ ಸೀಮೆಗಳನ್ನು ದಾಟಿ ಪೂರ್ವಕ್ಕೆ ಬಂದದ್ದು. ರಷ್ಯನ್ ಭಾಷೆಯಲ್ಲಿ ಇದನ್ನು 'ಕ್ರೊವಾವಿ ನವೇತ್' ಎನ್ನುತ್ತಾರೆ, ಎಂದರೆ ರಕ್ತದ ಅಪವಾದ. ಇದನ್ನು ಯಾರ ಮೇಲೆ ಹೊರಿಸಲಾಗುತ್ತಿತ್ತು ಎಂದು ಒಂದು ಕ್ಷಣ ಯೋಚಿಸಬೇಕು. ಯಹೂದಿ ಧರ್ಮಶಾಸ್ತ್ರ ಯಾವ ಪ್ರಾಣಿಯ ರಕ್ತವನ್ನೂ ತಿನ್ನಗೊಡುವುದಿಲ್ಲ. ಮಾಂಸಕ್ಕೆ ಉಪ್ಪು ಸವರಿಟ್ಟು ರಕ್ತವೆಲ್ಲ ಇಳಿದುಹೋದ ಮೇಲೆಯೇ ಅಡುಗೆ. ಮೊಟ್ಟೆ ಒಡೆದಾಗ ಒಳಗೆ ಒಂದು ಕೆಂಪು ಚುಕ್ಕೆ ಕಂಡರೂ ಆ ಮೊಟ್ಟೆಯನ್ನು ಎಸೆಯುವ ಮನೆಗಳು ಅವರವು.

ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಪೋಲೆಂಡ್ ಹಂಚಿಹೋದಾಗ ರಷ್ಯದ ಮಡಿಲಿಗೆ ಲಕ್ಷಾಂತರ ಯಹೂದಿಗಳು ಬಂದು ಬಿದ್ದರು. ಅವರು ಬಂದದ್ದಲ್ಲ, ಗಡಿಯೇ ಅವರನ್ನು ದಾಟಿ ಮುಂದೆ ಹೋದದ್ದು. ಮಹಾರಾಣಿ ಕ್ಯಾಥರೀನ್ 1791ರಲ್ಲಿ ಅವರ ಸುತ್ತ ವಾಸದ ಗೆರೆ ಎಳೆಯಲು ಶುರುಮಾಡಿದಳು. 1897ರ ಜನಗಣತಿಯ ಹೊತ್ತಿಗೆ ಸಾಮ್ರಾಜ್ಯದಲ್ಲಿ 50 ಲಕ್ಷಕ್ಕೂ ಮೀರಿ ಯಹೂದಿಗಳಿದ್ದರು. ಹತ್ತರಲ್ಲಿ ಒಂಬತ್ತಕ್ಕಿಂತ ಹೆಚ್ಚು ಜನ ಆ ಗೆರೆಯ ಒಳಗೇ ಇದ್ದರು. ಕೀವ್ ಪ್ರಾಂತ ಗೆರೆಯ ಒಳಗಿತ್ತು, ಕೀವ್ ನಗರ ಮಾತ್ರ ಹೊರಗೆ. ಪರವಾನಗಿಯಿಲ್ಲದ ಯಹೂದಿಗಳನ್ನು ಹಿಡಿಯಲು ಪೊಲೀಸರು ರಾತ್ರಿ ಮನೆಗಳಿಗೆ ನುಗ್ಗುತ್ತಿದ್ದರು. 1881ರಲ್ಲಿ ಝಾರ್ ಎರಡನೆಯ ಅಲೆಕ್ಸಾಂಡರ್‌ನ ಕೊಲೆಯಾದ ಮೇಲೆ ದಕ್ಷಿಣದ ಊರುಗಳಲ್ಲಿ ಯಹೂದಿ ಮನೆಗಳ ಲೂಟಿ ನಡೆಯಿತು. 1903ರಲ್ಲಿ ಕಿಷಿನೆವ್‌ನಲ್ಲಿ 49 ಯಹೂದಿಗಳು ಸತ್ತರು. ಅದರ ಹಿಂದೆಯೂ ಇದೇ ರಕ್ತದ ಸುದ್ದಿ ಇತ್ತು. 1905ರ ಅಕ್ಟೋಬರ್‌ನಲ್ಲಿ ಕೀವ್‌ನಲ್ಲೇ ದೊಂಬಿಯಾಯಿತು.

ಈ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಎನಿಸುವುದು ದೊಂಬಿಗಳಲ್ಲ, 1835ರ ಒಂದು ಷರಾ. ವೆಲಿಝ್ ಎಂಬ ಸಣ್ಣ ಪಟ್ಟಣದಲ್ಲಿ 1823ರಲ್ಲಿ ಒಂದು ಮಗು ಕೊಲೆಯಾಗಿ, ಅದೇ ಅಪವಾದದ ಮೇಲೆ ನಲವತ್ತಕ್ಕೂ ಹೆಚ್ಚು ಯಹೂದಿಗಳನ್ನು ವರ್ಷಗಟ್ಟಲೆ ಸೆರೆಯಲ್ಲಿಟ್ಟಿದ್ದರು. ಕೆಲವರು ಸೆರೆಯಲ್ಲೇ ಸತ್ತರು. ಹನ್ನೆರಡು ವರ್ಷಗಳ ನಂತರ ಸಾಮ್ರಾಜ್ಯದ ಉನ್ನತ ಪರಿಷತ್ತು ಅವರೆಲ್ಲ ನಿರ್ದೋಷಿಗಳೆಂದಿತು. ಸಾಕ್ಷ್ಯವಿಲ್ಲದೆ ಯಹೂದಿಗಳ ಮೇಲೆ ಇಂಥ ಆರೋಪ ಹೊರಿಸಬಾರದೆಂದು 1817ರಲ್ಲೇ ಹೊರಟಿದ್ದ ಆದೇಶವನ್ನು ಮತ್ತೆ ಹೊರಡಿಸಬೇಕೆಂದೂ ಶಿಫಾರಸು ಮಾಡಿತು. ಝಾರ್ ಮೊದಲನೆಯ ನಿಕೊಲಾಸ್ ಬಿಡುಗಡೆಗೆ ಒಪ್ಪಿದ, ಆದೇಶಕ್ಕೆ ಒಪ್ಪಲಿಲ್ಲ. ಯಹೂದಿಗಳಲ್ಲಿ ಇಂಥದ್ದನ್ನು ಮಾಡುವ ಮತಾಂಧರು ಇದ್ದರೂ ಇರಬಹುದು ಎಂಬುದು ಅವನ ಷರಾ. ಹಿಡಿದ ಮನುಷ್ಯನನ್ನು ಬಿಟ್ಟು ಸುಳ್ಳನ್ನು ಇಟ್ಟುಕೊಳ್ಳುವ ಪದ್ಧತಿ ಅರಮನೆಯ ಕಾಗದದ ಮೇಲೆ ಬಂದದ್ದು ಹೀಗೆ.

ಕಾರ್ಖಾನೆಯ ಗುಮಾಸ್ತ

ಮೆಂಡೆಲ್ ಬೇಲಿಸ್ 1874ರಲ್ಲಿ ಹುಟ್ಟಿದವನು. ಸೈನ್ಯದಲ್ಲಿ ದುಡಿದು ಬಂದವನು, ಐದು ಮಕ್ಕಳ ತಂದೆ. ಇಟ್ಟಿಗೆ ಗಾಡಿಗಳು ಕಾರ್ಖಾನೆಯಿಂದ ಹೊರಡುವಾಗ ಲೆಕ್ಕ ಬರೆದು ಚೀಟಿಗೆ ರುಜು ಹಾಕಿಕೊಡುವುದು ಅವನ ಕೆಲಸ. ಕ್ರೈಸ್ತರೇ ತುಂಬಿದ್ದ ಬಡಾವಣೆಯಲ್ಲಿ ಅವನ ಸಂಸಾರ ಒಂದೇ ಯಹೂದಿಗಳದ್ದು ಎನ್ನುವಂತೆ ಇತ್ತು. ಅವನಿಗೆ ನೆರೆಹೊರೆಯವರ ಜೊತೆ ಯಾವ ಜಗಳವೂ ಇರಲಿಲ್ಲ. ಕ್ರೈಸ್ತರ ಶವಯಾತ್ರೆ ಸ್ಮಶಾನಕ್ಕೆ ಸುತ್ತು ಬಳಸಿ ಹೋಗಬಾರದೆಂದು ಕಾರ್ಖಾನೆಯ ನೆಲದಲ್ಲಿ ದಾರಿ ಬಿಡಿಸಿಕೊಟ್ಟಿದ್ದ. 1905ರ ದೊಂಬಿಯ ದಿನಗಳಲ್ಲಿ ಅಲ್ಲಿನ ಪಾದ್ರಿಯೇ ಬೇಲಿಸ್ ಮನೆಗೆ ಯಾರೂ ಕೈ ಹಾಕದಂತೆ ನೋಡಿಕೊಂಡನೆಂದು ಅವನು ಮುಂದೆ ತನ್ನ ಆತ್ಮಕಥನದಲ್ಲಿ ಬರೆದಿದ್ದಾನೆ.

ಅವನು ಶಾಸ್ತ್ರ ಬಲ್ಲವನಲ್ಲ, ಮಡಿವಂತನಂತೂ ಅಲ್ಲ. 1911ರ ಮಾರ್ಚ್ 12 ಶನಿವಾರ, ಯಹೂದಿಗಳ ಸಬ್ಬತ್. ಅಂದು ಯಹೂದಿ ಕೆಲಸ ಮಾಡಬಾರದು, ರುಜು ಹಾಕುವುದು ದೂರದ ಮಾತು. ಬೇಲಿಸ್ ಹೊಟ್ಟೆಪಾಡಿಗಾಗಿ ಅಂದೂ ಕೆಲಸಕ್ಕೆ ಹೋಗಿದ್ದ. ಆ ಬೆಳಿಗ್ಗೆ ಹೊರಟ ಗಾಡಿಗಳ ಚೀಟಿಗಳ ಮೇಲೆ ಅವನ ರುಜು ಇತ್ತು. ಆಂಡ್ರೆ ಕಾಣೆಯಾದ ಹೊತ್ತಿನಲ್ಲಿ ಮತಾಂಧ ಯಹೂದಿಯೊಬ್ಬ ಶಾಸ್ತ್ರಕ್ಕಾಗಿ ಹುಡುಗನನ್ನು ಕೊಲ್ಲುತ್ತಿದ್ದ ಎಂದು ಸರ್ಕಾರ ಹೇಳಿತು. ಆ ಹೊತ್ತಿನಲ್ಲಿ ಆ ಮನುಷ್ಯ ಶಾಸ್ತ್ರ ಮುರಿದು ಇಟ್ಟಿಗೆ ಎಣಿಸುತ್ತಿದ್ದ ಎಂದು ಚೀಟಿಗಳು ಹೇಳಿದವು. ಇಡೀ ಪ್ರಕರಣದಲ್ಲಿ ನನ್ನ ಕಣ್ಣಿಗೆ ಕಟ್ಟಿದಂತಿರುವುದು ಆ ಚೀಟಿಗಳು.

ಹಾಗಾದರೆ ಕೊಂದವರು ಯಾರು? ಪೊಲೀಸರಿಗೆ ದಾರಿ ಸಿಕ್ಕದೆ ಇರಲಿಲ್ಲ. ಲುಕ್ಯಾನೊವ್ಕಾದಲ್ಲಿ ವೇರಾ ಚೆಬೆರ್ಯಾಕ್ ಎಂಬ ಹೆಂಗಸಿನ ಮನೆ ಕಳ್ಳಮಾಲಿನ ಅಡ್ಡೆಯಾಗಿತ್ತು. ಅವಳ ಮಗ ಝೇನ್ಯಾ ಆಂಡ್ರೆಯ ಗೆಳೆಯ. ಬೀದಿ ದೀಪ ಹಚ್ಚುವ ಷಖೊವ್ಸ್ಕಿ ಎಂಬಾತ ಆ ಬೆಳಿಗ್ಗೆ ಇಬ್ಬರು ಹುಡುಗರನ್ನೂ ವೇರಾಳ ಮನೆಯ ಹತ್ತಿರ ಒಟ್ಟಿಗೆ ನೋಡಿದ್ದ. ಮುಂದೆ ತನಿಖೆದಾರರು ಕಟ್ಟಿಕೊಟ್ಟ ಚಿತ್ರ ಹೀಗಿತ್ತು: ಹುಡುಗರು ಮರದ ಛಡಿಗಳನ್ನು ಕಡಿದುಕೊಂಡಿದ್ದರು. ಆಂಡ್ರೆಯದ್ದು ಚೆನ್ನಾಗಿತ್ತು, ಝೇನ್ಯಾ ಅದನ್ನು ಕೇಳಿದ. ಕೊಡುವುದಿಲ್ಲ ಎಂದು ಜಗಳವಾಗಿ, ನೀನು ಶಾಲೆ ತಪ್ಪಿಸಿದ್ದನ್ನು ನಿನ್ನ ಅಮ್ಮನಿಗೆ ಹೇಳುತ್ತೇನೆ ಎಂದ ಒಬ್ಬ. ನಿಮ್ಮ ಮನೆಯ ಕಳ್ಳಮಾಲಿನ ವಿಷಯ ಪೊಲೀಸರಿಗೆ ಹೇಳುತ್ತೇನೆ ಎಂದ ಇನ್ನೊಬ್ಬ. ಆ ಮಾತು ದೊಡ್ಡವರ ಕಿವಿಗೆ ಬಿತ್ತು. ಅದೇ ದಿನಗಳಲ್ಲಿ ವೇರಾಳ ಬಳಗದ ಮೇಲೆ ಪೊಲೀಸರ ಕಣ್ಣು ಬಿದ್ದಿತ್ತು. ಸುಳಿವು ಕೊಟ್ಟವನು ಈ ಹುಡುಗನೇ ಎಂದು ಕಳ್ಳರು ತೀರ್ಮಾನಿಸಿದರು. ಒಂದು ಛಡಿಯ ಜಗಳ ಹುಡುಗನ ಪ್ರಾಣ ತೆಗೆಯಿತು.

ಈ ಜಾಡು ಹಿಡಿದವರಿಗೆಲ್ಲ ಏನಾಯಿತೆಂದು ನೋಡಿ. ಕೀವ್‌ನ ಪತ್ತೇದಾರಿ ವಿಭಾಗದ ಮುಖ್ಯಸ್ಥ ಮಿಷ್ಚುಕ್‌ನನ್ನು ತೆಗೆದುಹಾಕಿ ಅವನ ಮೇಲೆಯೇ ಮೊಕದ್ದಮೆ ಹೂಡಿದರು. ಅವನ ಜಾಗಕ್ಕೆ ಬಂದ ನಿಕೊಲಾಯ್ ಕ್ರಾಸೊವ್ಸ್ಕಿ ಕೂಡ ವೇರಾಳ ಮನೆಗೇ ಬಂದು ಮುಟ್ಟಿದ, ಅವನನ್ನೂ ತೆಗೆದರು. ಬೇಲಿಸ್ ಮೇಲೆ ಆರೋಪ ಹೊರಿಸಲು ಆಧಾರವಿಲ್ಲ ಎಂದು ತನಿಖಾ ನ್ಯಾಯಾಧಿಕಾರಿ ಫೆನೆಂಕೊ ಹೇಳುತ್ತಲೇ ಇದ್ದ, ಮೇಲಿನ ಆದೇಶಕ್ಕೆ ಮಣಿಯಬೇಕಾಯಿತು. ಮೇಲಿದ್ದವನು ಕೀವ್‌ನ ಪ್ರಾಸಿಕ್ಯೂಟರ್ ಚಾಪ್ಲಿನ್ಸ್ಕಿ. ಅವನ ಬೆನ್ನಿಗಿದ್ದವನು ರಾಜಧಾನಿಯಲ್ಲಿ ಕುಳಿತ ನ್ಯಾಯಮಂತ್ರಿ ಷ್ಚೆಗ್ಲೊವಿತೊವ್. ಬೀದಿ ದೀಪದ ಷಖೊವ್ಸ್ಕಿಗೂ ಅವನ ಹೆಂಡತಿಗೂ ಪೊಲೀಸರ ಆಳುಗಳು ವೋಡ್ಕಾ ಕುಡಿಸಿ ಹೊಸ ಹೇಳಿಕೆ ಹೇಳಿಸಿದರು. ಕರಿ ಗಡ್ಡದ ಮನುಷ್ಯನೊಬ್ಬ ಹುಡುಗನನ್ನು ಕಾರ್ಖಾನೆಯ ಕಡೆಗೆ ಎಳೆದೊಯ್ದ ಎಂಬ ಹೇಳಿಕೆ ಅದು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ನಮ್ಮ ಗಾದೆಯಲ್ಲಿ ಬರೆ ಎಳೆಯುವವನು ದಡ್ಡ. ಇಲ್ಲಿ ಬರೆ ಎಳೆದವರಿಗೆ ಜ್ವರ ಯಾರಿಗೆಂಬುದು ಗೊತ್ತಿತ್ತು.

1911ರ ಜುಲೈ 22ರ ನಸುಕಿನಲ್ಲಿ ಪೊಲೀಸರು ಬೇಲಿಸ್‌ನ ಮನೆಗೆ ಬಂದರು. ಹಿರಿಯ ಮಗನನ್ನೂ ಹಿಡಿದುಕೊಂಡು ಹೋಗಿ ಆಮೇಲೆ ಬಿಟ್ಟರು.

ಅದೇ ಆಗಸ್ಟ್‌ನಲ್ಲಿ ಝೇನ್ಯಾ ಭೇದಿಯಾಗಿ ಸತ್ತ. ಅವನ ಕೊನೆಯ ಗಳಿಗೆಯ ವೃತ್ತಾಂತವನ್ನು ಓದುವುದು ಕಷ್ಟ. ಜ್ವರದಲ್ಲಿ ಕನವರಿಸುತ್ತ ಅವನು ಆಂಡ್ರೆಯ ಹೆಸರೆತ್ತಿ ಕೂಗಬೇಡ ಎನ್ನುತ್ತಿದ್ದ, ತಾಯಿ ಬಾಗಿ ಮುತ್ತಿಟ್ಟು ಅವನ ಬಾಯಿ ಮುಚ್ಚುತ್ತಿದ್ದಳು ಎಂದು ಹತ್ತಿರವಿದ್ದ ಪತ್ತೇದಾರರು ಹೇಳಿದ್ದಾರೆ. ಪಾದ್ರಿಗೆ ಅವನು ಏನನ್ನೋ ಹೇಳಬೇಕೆಂದಿದ್ದ, ಹೇಳಲಿಲ್ಲ. ಬೆನ್ನ ಹಿಂದೆ ತಾಯಿ ಸನ್ನೆ ಮಾಡಿದಂತೆ ತೋರಿತು ಎಂದು ಆ ಪಾದ್ರಿಯೇ ಮುಂದೆ ನ್ಯಾಯಾಲಯದಲ್ಲಿ ನುಡಿದ.

ಸೆಪ್ಟೆಂಬರ್ 1ರಂದು ಕೀವ್‌ನ ಒಪೆರಾ ಮಂದಿರದಲ್ಲಿ, ಝಾರ್‌ನ ಎದುರಲ್ಲೇ, ಪ್ರಧಾನಿ ಸ್ತೊಲಿಪಿನ್‌ಗೆ ಗುಂಡು ಬಿತ್ತು. ಹೊಡೆದವನು ಯಹೂದಿ ಮನೆತನದ ಬೊಗ್ರೊವ್. ನಗರದ ಯಹೂದಿಗಳು ಗಂಟುಮೂಟೆ ಕಟ್ಟಿ ರೈಲು ನಿಲ್ದಾಣಕ್ಕೆ ಓಡಿದರು. ಆದರೆ ದೊಂಬಿ ಆಗಲಿಲ್ಲ. ಸ್ತೊಲಿಪಿನ್ ಜಾಗಕ್ಕೆ ಬಂದ ವ್ಲಾದಿಮಿರ್ ಕೊಕೊವ್ತ್ಸೊವ್ ಕೂಡಲೇ ಕೊಸಾಕ್ ಪಡೆಗಳನ್ನು ನಗರಕ್ಕೆ ತರಿಸಿದ್ದ. ದೊಂಬಿಯನ್ನು ತಡೆಯುವುದು ಸರ್ಕಾರದ ಕೈಯಲ್ಲೇ ಇತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ. 1881ರಲ್ಲಿ, 1905ರಲ್ಲಿ ಸತ್ತವರ ಲೆಕ್ಕವನ್ನು ಈ ಬೆಳಕಿನಲ್ಲೇ ನೋಡಬೇಕು.

ಬೇಲಿಸ್ ಎರಡು ವರ್ಷಕ್ಕೂ ಮೇಲೆ ಸೆರೆಯಲ್ಲಿದ್ದ. ದಿನಕ್ಕೆ ಹಲವು ಸಲ ಬಟ್ಟೆ ಬಿಚ್ಚಿಸಿ ತಪಾಸಣೆ. ಸೆರೆಮನೆಯ ಬೂಟುಗಳೊಳಗೆ ಮೊಳೆಗಳು ಎದ್ದು ನಿಂತಿದ್ದವು, ಪಾದಗಳು ಕೀವು ತುಂಬಿ ಊದಿದವು. 1913ರಲ್ಲಿ ರಾಜವಂಶದ ಮುನ್ನೂರನೆಯ ವರ್ಷಾಚರಣೆಗೆ ಕೈದಿಗಳಿಗೆ ಕ್ಷಮಾದಾನ ಬರಲಿದೆ, ನಿನಗೂ ಸಿಗಬಹುದು ಎಂದು ಸೆರೆಮನೆಯ ಅಧಿಕಾರಿ ಹೇಳಿದಾಗ ಅವನು ಒಲ್ಲೆ ಎಂದ. ನನಗೆ ಕ್ಷಮೆ ಬೇಡ, ವಿಚಾರಣೆ ಬೇಕು ಎಂಬುದು ಅವನ ಮಾತಿನ ಸಾರ. ವೀರನಾಗಬೇಕೆಂದು ಯಾವತ್ತೂ ಬಯಸಿರದ ಗುಮಾಸ್ತನೊಬ್ಬ ಕೀವು ತುಂಬಿದ ಕಾಲಿನಲ್ಲಿ ನಿಂತು ಆಡಿದ ಆ ಮಾತಿಗೆ ನಾನು ತಲೆಬಾಗುತ್ತೇನೆ. ಕ್ಷಮೆಯನ್ನು ಅವನು ಒಪ್ಪಿಕೊಂಡಿದ್ದರೆ ಅಪವಾದವನ್ನು ಇಡೀ ಜನಾಂಗದ ಪರವಾಗಿ ಒಪ್ಪಿಕೊಂಡಂತೆ ಆಗುತ್ತಿತ್ತು. ಅದು ಅವನಿಗೆ ಅರ್ಥವಾಗಿತ್ತು.

ಮೂವತ್ತನಾಲ್ಕು ದಿನ

ಅಷ್ಟರಲ್ಲಿ ಹೊರಗೆ ರಷ್ಯ ಎರಡಾಗಿತ್ತು. ಲೇಖಕ ವ್ಲಾದಿಮಿರ್ ಕೊರೊಲೆಂಕೊ 1911ರ ನವೆಂಬರ್‌ನಲ್ಲೇ ರಷ್ಯದ ಸಮಾಜಕ್ಕೆ ಒಂದು ಮನವಿ ಬರೆದು ಪ್ರಕಟಿಸಿದ. ಗೋರ್ಕಿ, ಕವಿ ಬ್ಲೋಕ್, ವಿಜ್ಞಾನಿ ವೆರ್ನಾದ್ಸ್ಕಿ ಸೇರಿ ಎಂಬತ್ತಕ್ಕೂ ಹೆಚ್ಚು ಜನ ಅದಕ್ಕೆ ರುಜು ಹಾಕಿದರು. ಬ್ರಿಟನ್‌ನಲ್ಲಿ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೊದಲಾದವರೂ ಪ್ರತಿಭಟಿಸಿದರು. ಬ್ರಜುಲ್-ಬ್ರುಷ್ಕೊವ್ಸ್ಕಿ ಎಂಬ ಪತ್ರಕರ್ತ ಮತ್ತು ಕೆಲಸ ಕಳೆದುಕೊಂಡಿದ್ದ ಪತ್ತೇದಾರ ಕ್ರಾಸೊವ್ಸ್ಕಿ ತಾವೇ ತನಿಖೆ ಮುಂದುವರಿಸಿದರು. ಅವರು ಕಳುಹಿಸಿದ ಇಬ್ಬರು ಯುವಕರ ಎದುರು ವೇರಾಳ ಮಲತಮ್ಮ ಸಿಂಗಾಯೆವ್ಸ್ಕಿ ಬಾಯಿಬಿಟ್ಟ: ಆ ಕೆಲಸ ನಮ್ಮದೇ.

ವಿಚಾರಣೆ ಶುರುವಾದಾಗ, ತೀರ್ಪು ಹೇಳಬೇಕಾದ ಜ್ಯೂರಿಯ ಆಯ್ಕೆ ನೋಡಿ ಪ್ರತಿವಾದಿ ವಕೀಲರ ಎದೆ ಕುಸಿಯಿತು. ವಿಶ್ವವಿದ್ಯಾಲಯವಿದ್ದ ನಗರದಲ್ಲಿ ಹನ್ನೆರಡು ಜನರ ಪೈಕಿ ಒಬ್ಬ ಪ್ರಾಧ್ಯಾಪಕನಿಲ್ಲ, ಒಬ್ಬ ವೈದ್ಯನಿಲ್ಲ. ಏಳು ಮಂದಿ ರೈತರು, ಉಳಿದವರು ಸಣ್ಣ ವ್ಯಾಪಾರಿ, ಸಣ್ಣ ನೌಕರ ವರ್ಗದವರು. ಓದಿಲ್ಲದವರು ಅಪವಾದವನ್ನು ಬೇಗ ನಂಬುತ್ತಾರೆ ಎಂಬುದು ಸರ್ಕಾರದ ಎಣಿಕೆ. ಪ್ರತಿವಾದಿ ಪರ ಐವರು ವಕೀಲರಿದ್ದರು. ಅವರಲ್ಲಿ ಓಸ್ಕರ್ ಗ್ರುಜೆನ್ಬರ್ಗ್ ಒಬ್ಬನೇ ಯಹೂದಿ. ಕರಬ್ಚೆವ್ಸ್ಕಿ, ಜರೂದ್ನಿ, ಗ್ರಿಗೊರೊವಿಚ್-ಬಾರ್ಸ್ಕಿ, ಮಕ್ಲಾಕೊವ್ ಕ್ರೈಸ್ತರು. ವಾಸಿಲಿ ಮಕ್ಲಾಕೊವ್‌ನ ಒಡಹುಟ್ಟಿದ ತಮ್ಮ ನಿಕೊಲಾಯ್ ಆಗ ಸಾಮ್ರಾಜ್ಯದ ಗೃಹಮಂತ್ರಿ, ಎಂದರೆ ಪೊಲೀಸರ ಒಡೆಯ. ಒಂದೇ ತಾಯಿಯ ಮಕ್ಕಳು ಈ ಪ್ರಕರಣದ ಎರಡು ದಡಗಳಲ್ಲಿ ನಿಂತಿದ್ದರು. 'ರಷ್ಯನ್ನರು ಹೀಗೆ' ಎಂದು ಯಾರಾದರೂ ಒಂದೇ ಏಟಿಗೆ ಹೇಳಿದಾಗಲೆಲ್ಲ ನನಗೆ ಈ ಅಣ್ಣತಮ್ಮಂದಿರು ನೆನಪಾಗುತ್ತಾರೆ.

ಎರಡನೆಯ ದಿನ ಕಳೆಯುತ್ತಲೇ, ಸೆಪ್ಟೆಂಬರ್ 27ರಂದು, ಯಾರೂ ನಿರೀಕ್ಷಿಸದ ಕಡೆಯಿಂದ ಸಿಡಿಲು ಬಡಿಯಿತು. 'ಕಿಯೆವ್ಲ್ಯಾನಿನ್' ಎಂಬುದು ಕೀವ್‌ನ ರಾಜನಿಷ್ಠರ ಪತ್ರಿಕೆ. ಯಹೂದಿಗಳಿಗೆ ಸಮಾನ ಹಕ್ಕು ಕೊಡುವುದನ್ನು ದಶಕಗಳಿಂದ ವಿರೋಧಿಸುತ್ತ ಬಂದದ್ದು. ಅದರ ಸಂಪಾದಕ ವಾಸಿಲಿ ಷುಲ್ಗಿನ್ ತಾನು ಯಹೂದಿ ವಿರೋಧಿ ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳುತ್ತಿದ್ದವನು. ಆತ ಅಂದಿನ ಸಂಪಾದಕೀಯದಲ್ಲಿ ಆರೋಪಪಟ್ಟಿಯನ್ನು ಚಿಂದಿ ಮಾಡಿದ. ಕೀವ್‌ನ ಪ್ರಾಸಿಕ್ಯೂಷನ್‌ಗಾಗಿ ನಾಚಿಕೆಯಾಗುತ್ತದೆ ಎಂದ. ನರಬಲಿ ಕೊಡುತ್ತಿರುವವರು ನೀವೇ, ಪ್ರಯೋಗಶಾಲೆಯ ಮೇಜಿನ ಮೇಲೆ ಮೊಲವನ್ನು ಮಲಗಿಸಿದಂತೆ ಬೇಲಿಸ್‌ನನ್ನು ಮಲಗಿಸಿದ್ದೀರಿ ಎಂದು ಬರೆದ. ಆ ಸಂಚಿಕೆಯನ್ನು ಸರ್ಕಾರ ಮುಟ್ಟುಗೋಲು ಹಾಕಿಕೊಂಡಿತು, ಅವನಿಗೆ ಮೂರು ತಿಂಗಳ ಸೆರೆ ವಿಧಿಸಿತು. ಷುಲ್ಗಿನ್ ಆಮೇಲೆ ಯಹೂದಿಗಳ ಮಿತ್ರನಾಗಲಿಲ್ಲ. ವರ್ಷಗಳ ನಂತರವೂ ಅವರ ವಿರುದ್ಧ ಪುಸ್ತಕ ಬರೆದ. ಅವನನ್ನು ಸಂತನನ್ನಾಗಿ ಮಾಡಬೇಕಿಲ್ಲ. ಆದರೆ ಒಂದು ಜನವನ್ನು ಇಷ್ಟಪಡದೆಯೂ ಅವರ ಮೇಲಿನ ಸುಳ್ಳನ್ನು ಸುಳ್ಳು ಎನ್ನಬಹುದು, ಅದಕ್ಕಾಗಿ ಶಿಕ್ಷೆಯ ತೀರ್ಪನ್ನೂ ಎದುರಿಸಬಹುದು ಎಂದು ಅವನು ತೋರಿಸಿದ್ದನ್ನು ಮರೆಯಬಾರದು.

ಸಾಕ್ಷಿಗಳು ಒಬ್ಬೊಬ್ಬರಾಗಿ ಬಂದರು. ಷಖೊವ್ಸ್ಕಿ ದಂಪತಿಗಳ ಹೇಳಿಕೆ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ಕಳ್ಳರಾದ ಸಿಂಗಾಯೆವ್ಸ್ಕಿ ಮತ್ತು ರುದ್ಜಿನ್ಸ್ಕಿ ತಾವು ಕೊಲೆ ಮಾಡಿಲ್ಲ ಎನ್ನಲು ಒಂದು ಕಾರಣ ಕೊಟ್ಟರು: ಮಾರ್ಚ್ 12ರ ರಾತ್ರಿ ತಾವು ಕನ್ನಡಕದ ಅಂಗಡಿಯೊಂದಕ್ಕೆ ಕನ್ನ ಹಾಕುತ್ತಿದ್ದೆವು. ಕೊಲೆಯಾದದ್ದು ಬೆಳಿಗ್ಗೆ. ರಾತ್ರಿಯ ಕಳ್ಳತನ ಬೆಳಗಿನ ಕೊಲೆಗೆ ಹೇಗೆ ಅಡ್ಡಿಯಾಗುತ್ತದೆಂದು ಪ್ರಾಸಿಕ್ಯೂಟರ್ ವಿಪ್ಪರ್ ಕೇಳಲಿಲ್ಲ. ಸರ್ಕಾರದ ವಕೀಲ ಕಳ್ಳರ ರಕ್ಷಣೆಗೆ ನಿಂತ, ಪ್ರತಿವಾದಿ ವಕೀಲರು ಕೊಲೆಗಾರರನ್ನು ಹುಡುಕಿದರು. ಪೊಲೀಸ್ ಇಲಾಖೆ ಗುಟ್ಟಾಗಿ ಕಳುಹಿಸಿದ್ದ ಅಧಿಕಾರಿಯೇ ರಾಜಧಾನಿಗೆ ತಂತಿಯ ಮೇಲೆ ತಂತಿ ಕಳುಹಿಸಿ, ಬೇಲಿಸ್ ವಿರುದ್ಧ ಸಾಕ್ಷ್ಯ ತೀರ ದುರ್ಬಲ ಎಂದು ತಿಳಿಸುತ್ತಿದ್ದ. 1917ರ ಕ್ರಾಂತಿಯ ನಂತರ ಆ ತಂತಿಗಳು ಬೆಳಕಿಗೆ ಬಂದವು.

ಸಾಕ್ಷಿಗಳು ಕೈಕೊಟ್ಟಾಗ ತಜ್ಞರು ಬಂದರು. ಕೀವ್‌ನ ಹೆಸರಾಂತ ಮನೋವೈದ್ಯ ಇವಾನ್ ಸಿಕೋರ್ಸ್ಕಿ (ಹೆಲಿಕಾಪ್ಟರ್ ರೂಪಿಸಿದ ಇಗೋರ್ ಸಿಕೋರ್ಸ್ಕಿಯ ತಂದೆ) ಗಾಯಗಳನ್ನು ನೋಡಿ ಇದು ಜನಾಂಗದ ಸೇಡು ಎಂದ. ವಿದ್ಯೆ ಮನುಷ್ಯನನ್ನು ಈ ರೋಗದಿಂದ ಕಾಪಾಡುತ್ತದೆ ಎಂದು ನಂಬುವವರು ಆ ಸಾಕ್ಷ್ಯವನ್ನು ಓದಬೇಕು. ಧರ್ಮಶಾಸ್ತ್ರದ ತಜ್ಞನಾಗಿ ಸರ್ಕಾರ ತಾಷ್ಕೆಂಟ್‌ನಿಂದ ಪ್ರನೈಟಿಸ್ ಎಂಬ ಕ್ಯಾಥೊಲಿಕ್ ಪಾದ್ರಿಯನ್ನು ತರಿಸಿತು. ಆತ ಯಹೂದಿಗಳ ಧರ್ಮಶಾಸ್ತ್ರವಾದ ತಾಲ್ಮುದ್ ಗ್ರಂಥದಲ್ಲಿ ಇದಕ್ಕೆಲ್ಲ ಆಧಾರವಿದೆ ಎಂದ. ಪ್ರತಿವಾದಿಗಳಿಗೆ ನೆರವಾಗುತ್ತಿದ್ದ ಪತ್ರಕರ್ತ ಬೆನ್‌ಜಿಯೋನ್ ಕಾಟ್ಜ್ ಬರೆದಿಟ್ಟಿರುವ ಪ್ರಕಾರ, ವಕೀಲರು ಪ್ರನೈಟಿಸ್‌ಗೆ ಹಾಕಿದ ಪ್ರಶ್ನೆ ಹೀಗಿತ್ತು: ಬಾಬಾ ಬತ್ರಾ ಯಾವ ಕಾಲದಲ್ಲಿದ್ದಳು, ಏನು ಮಾಡುತ್ತಿದ್ದಳು? ಗೊತ್ತಿಲ್ಲ ಎಂದ ಪ್ರನೈಟಿಸ್. ರಷ್ಯನ್ ಭಾಷೆಯಲ್ಲಿ 'ಬಾಬಾ' ಎಂದರೆ ಹೆಂಗಸು. ಆದರೆ ಬಾಬಾ ಬತ್ರಾ ಹೆಂಗಸಲ್ಲ, ತಾಲ್ಮುದ್‌ನ ಒಂದು ಪ್ರಸಿದ್ಧ ಭಾಗದ ಹೆಸರು. ಯಹೂದಿ ಮನೆಯ ಸಣ್ಣ ಹುಡುಗರೂ ಬಲ್ಲ ಹೆಸರು. ರೈತರಿಗೆ ತಾಲ್ಮುದ್ ಗೊತ್ತಿರಲಿಲ್ಲ, ತಜ್ಞ ತಡವರಿಸಿದ್ದು ಕಂಡಿತು. ಇತ್ತ ಹೀಬ್ರೂ ವಿದ್ವಾಂಸ ಪಾವೆಲ್ ಕೊಕೊವ್ತ್ಸೊವ್, ಪೀಟರ್ಸ್‌ಬರ್ಗ್ ಧಾರ್ಮಿಕ ಅಕಾಡೆಮಿಯ ಪ್ರಾಧ್ಯಾಪಕ ಟ್ರಾಯಿಟ್ಸ್ಕಿ, ಮಾಸ್ಕೊದ ರಬ್ಬಿ (ಯಹೂದಿ ಧರ್ಮಗುರು) ಮಾಝೆ ಮೂವರೂ ಅಂಥ ಪದ್ಧತಿ ಯಹೂದಿ ಧರ್ಮದಲ್ಲಿ ಇಲ್ಲವೆಂದು ಸಾರಿ ಹೇಳಿದರು.

ಜ್ಯೂರಿಯ ಕೋಣೆಯಲ್ಲಿ ಪೊಲೀಸರ ಕಿವಿಗಳಿದ್ದವು. ರೈತರು ತಮ್ಮತಮ್ಮಲ್ಲೇ ಆಡಿಕೊಳ್ಳುತ್ತಿದ್ದ ಮಾತು ಅಲ್ಲಿಂದ ಹೊರಬಂತು: ಬೇಲಿಸ್‌ನ ವಿಷಯ ಇಲ್ಲಿ ಯಾರೂ ಮಾತೇ ಆಡುತ್ತಿಲ್ಲವಲ್ಲ, ಅವನಿಗೆ ತೀರ್ಪು ಕೊಡುವುದು ಹೇಗೆ? ಈ ಮಾತು ದಾಖಲಾಗಿರುವುದು ಉಕ್ರೇನಿನ ಆಡುನುಡಿಯಲ್ಲಿ. ಇಂದಿನ ಲೆಕ್ಕದಲ್ಲಿ ಆ ರೈತರಲ್ಲಿ ಹೆಚ್ಚಿನವರ ಊರುಗಳು ಉಕ್ರೇನಿನವು. ಸಾಮ್ರಾಜ್ಯ ತನ್ನ ದಾಖಲೆಗಳಲ್ಲಿ ಅವರನ್ನೂ ರಷ್ಯನ್ನರೆಂದೇ ಬರೆದುಕೊಂಡಿತ್ತು. 'ರಷ್ಯನ್ನರು' ಎಂಬ ಪದವೇ ಎಷ್ಟು ಜನರನ್ನು ಒಳಗೆ ಹಾಕಿಕೊಂಡು ಮುಚ್ಚಿಬಿಡುತ್ತದೆ ಎಂಬುದನ್ನು ಇಲ್ಲಿ ಗಮನಿಸಬೇಕು.

ಎರಡು ಉತ್ತರ

ನ್ಯಾಯಾಧೀಶ ಬೊಲ್ದಿರೆವ್ ಜ್ಯೂರಿಯ ಮುಂದಿಟ್ಟದ್ದು ಎರಡು ಪ್ರಶ್ನೆ. ಮೊದಲನೆಯದು ಉದ್ದದ್ದು. 1911ರ ಮಾರ್ಚ್ 12ರಂದು ಲುಕ್ಯಾನೊವ್ಕಾದಲ್ಲಿ, ಝೈತ್ಸೆವ್ ಇಟ್ಟಿಗೆ ಕಾರ್ಖಾನೆಯ ಕಟ್ಟಡವೊಂದರಲ್ಲಿ, ಆಂಡ್ರೆ ಯುಶ್ಚಿನ್ಸ್ಕಿಯ ಬಾಯಿ ಮುಚ್ಚಿ, ಇರಿದು, ಐದು ಲೋಟದಷ್ಟು ರಕ್ತ ಹರಿದ ಮೇಲೆ ಮತ್ತೆ ಇರಿದು, ನಲವತ್ತೇಳು ಗಾಯಗಳಿಂದ ಮೈಯಲ್ಲಿ ರಕ್ತವೇ ಉಳಿಯದಂತೆ ಕೊಂದದ್ದು ರುಜುವಾತಾಗಿದೆಯೇ? ಎರಡನೆಯದು: ಮತಾಂಧತೆಯಿಂದ, ಪತ್ತೆಯಾಗದ ಇತರರ ಜೊತೆ ಸೇರಿ ಇದನ್ನು ಮಾಡಿದ್ದಕ್ಕೆ ಮೆಂಡೆಲ್ ಬೇಲಿಸ್ ಅಪರಾಧಿಯೇ?

ಮೊದಲ ಪ್ರಶ್ನೆಯಲ್ಲಿ ಯಹೂದಿ ಎಂಬ ಆರೋಪಿಯಿಲ್ಲ, ಬಲಿ ಎಂಬ ಪದವಿಲ್ಲ. ಆದರೆ ಯಹೂದಿಯ ಕಾರ್ಖಾನೆ ಇದೆ, ಅಳೆದ ರಕ್ತ ಇದೆ. ಹುಡುಗ ಸತ್ತದ್ದು ಹೌದೇ ಎಂದು ಕೇಳಿದಂತೆ ತೋರುವ ಪ್ರಶ್ನೆಯ ಹೊಟ್ಟೆಯಲ್ಲಿ ಅಪವಾದವನ್ನು ಮಡಚಿ ಇಟ್ಟಿದ್ದರು. ಅಕ್ಟೋಬರ್ 28ರ ಸಂಜೆ, ಎದುರಿನ ಸಂತ ಸೋಫಿಯಾದಲ್ಲಿ ಆಂಡ್ರೆಯ ಆತ್ಮಶಾಂತಿಗೆಂದು ಪ್ರಾರ್ಥನೆ ನಡೆಯುತ್ತಿದ್ದ ಹೊತ್ತಿನಲ್ಲಿ, ಜ್ಯೂರಿ ಹೊರಬಂತು. ಮೊದಲನೆಯದಕ್ಕೆ, ಹೌದು, ರುಜುವಾತಾಗಿದೆ. ಎರಡನೆಯದಕ್ಕೆ, ಇಲ್ಲ, ಅಪರಾಧಿಯಲ್ಲ.

ಎರಡು ಕಡೆಯವರೂ ಗೆದ್ದೆವೆಂದು ಹಿಗ್ಗಿದರು. ಕೀವ್‌ನ ಬೀದಿಗಳಲ್ಲಿ ಗುರುತು ಪರಿಚಯವಿಲ್ಲದ ಕ್ರೈಸ್ತರು, ಯಹೂದಿಗಳು ಒಬ್ಬರನ್ನೊಬ್ಬರು ಅಪ್ಪಿಕೊಂಡರು. ಅಪವಾದ ಸಾಬೀತಾಯಿತೆಂದು ಬಲಪಂಥದವರು ಪತ್ರಿಕೆಗಳಲ್ಲಿ ಬರೆದುಕೊಂಡರು. ಜ್ಯೂರಿ ಸಮಸಮವಾಗಿ ಒಡೆದಿತ್ತು ಎಂಬ ಮಾತು ಆಗಲೇ ಹಬ್ಬಿತ್ತು. ರಷ್ಯದ ಕಾನೂನಿನಲ್ಲಿ ಮತ ಸಮವಾದರೆ ಆರೋಪಿಗೆ ಬಿಡುಗಡೆ. ಅದು ನಿಜವಿದ್ದರೂ, ಬೇಲಿಸ್ ಅಪರಾಧಿಯಲ್ಲ ಎಂದು ಆರು ಜನ ಕೈ ಎತ್ತಿದ್ದು ಸರ್ಕಾರವೇ ಆರಿಸಿ ಕೂರಿಸಿದ ಜ್ಯೂರಿಯಲ್ಲಿ. ಝಾರ್ ಎರಡನೆಯ ನಿಕೊಲಾಸ್‌ನ ಭದ್ರತಾ ಅಧಿಕಾರಿ ಸ್ಪಿರಿದೊವಿಚ್ ದಾಖಲಿಸಿರುವಂತೆ, ಕೊಲೆ ಬಲಿಗಾಗಿಯೇ ಆದದ್ದು, ಆದರೆ ಬೇಲಿಸ್ ನಿರ್ದೋಷಿ, ಅವನು ಬಿಡುಗಡೆಯಾದದ್ದು ಒಳ್ಳೆಯದಾಯಿತು ಎಂದನಂತೆ ಚಕ್ರವರ್ತಿ. 1835ರ ಷರಾಕ್ಕೂ ಈ ಮಾತಿಗೂ ನಡುವೆ ಎಪ್ಪತ್ತೆಂಟು ವರ್ಷ. ಮುತ್ತಜ್ಜನ ಮಾತನ್ನೇ ಮರಿಮಗ ಆಡಿದ್ದ.

ತೀರ್ಪಿಗೆ ಮುಂಚೆ ಈ ಮೊಕದ್ದಮೆಯನ್ನು ಖಂಡಿಸಿದ್ದಕ್ಕಾಗಿ ಪೀಟರ್ಸ್‌ಬರ್ಗ್‌ನ 25 ವಕೀಲರ ಮೇಲೆ 1914ರಲ್ಲಿ ಮೊಕದ್ದಮೆ ನಡೆಯಿತು. ಮುಂದೆ ಪ್ರಧಾನಿಯಾದ ಕೆರೆನ್ಸ್ಕಿ ಅವರಲ್ಲೊಬ್ಬ. ಸರ್ಕಾರಕ್ಕೆ ಬೇಕಾದಂತೆ ನಡೆದವರ ಗತಿಯೂ ನೆಟ್ಟಗಾಗಲಿಲ್ಲ. ಷ್ಚೆಗ್ಲೊವಿತೊವ್‌ನನ್ನು 1918ರಲ್ಲಿ, ವೇರಾ ಚೆಬೆರ್ಯಾಕ್‌ಳನ್ನು 1919ರಲ್ಲಿ, ಕ್ರಾಂತಿಯಲ್ಲಿ ಅಧಿಕಾರ ಹಿಡಿದ ಬೊಲ್ಷೆವಿಕರು ಗುಂಡಿಕ್ಕಿ ಕೊಂದರು. ಅದನ್ನು ನ್ಯಾಯ ಎನ್ನಲು ನನಗೆ ಮನಸ್ಸಿಲ್ಲ. ವಿಚಾರಣೆಯಿಲ್ಲದ ಸಾವಿನಿಂದ ಯಾವ ಸತ್ಯವೂ ಹೊರಬರುವುದಿಲ್ಲ. ಬೇಲಿಸ್‌ಗೆ ಕೀವ್‌ನಲ್ಲಿ ಬದುಕು ಸಾಧ್ಯವಾಗಲಿಲ್ಲ. ಪ್ಯಾಲೆಸ್ಟೈನ್‌ಗೆ ಹೋದ, ಆಮೇಲೆ ಅಮೆರಿಕಕ್ಕೆ. ವೇದಿಕೆಯ ಮೇಲೆ ತನ್ನನ್ನು ತಾನು ತೋರಿಸಿಕೊಂಡು ಹಣ ಮಾಡಲು ಒಪ್ಪದೆ ಕಷ್ಟದಲ್ಲೇ ಬದುಕಿದ. ತನ್ನ ಕಥೆಯನ್ನು ಯಿದ್ದಿಶ್ ಭಾಷೆಯಲ್ಲಿ ತಾನೇ ಬರೆದ. 1934ರ ಜುಲೈ 7ರಂದು ತೀರಿಕೊಂಡ. ನ್ಯೂಯಾರ್ಕ್‌ನಲ್ಲಿ ಅವನ ಶವಸಂಸ್ಕಾರಕ್ಕೆ ಸಾವಿರಾರು ಜನ ಬಂದಿದ್ದರು.

ಮೊದಲ ಉತ್ತರ ಮಾತ್ರ ಸಾಯಲಿಲ್ಲ. 2017ರ ನವೆಂಬರ್‌ನಲ್ಲಿ ಮಾಸ್ಕೊದಲ್ಲಿ ಆರ್ಥೊಡಾಕ್ಸ್ ಚರ್ಚಿನ ಬಿಷಪ್ ತಿಖೊನ್, 1918ರಲ್ಲಿ ಝಾರ್ ಕುಟುಂಬದ ಹತ್ಯೆ ಬಲಿಯ ರೂಪದ್ದು ಎಂದು ಚರ್ಚಿನ ಆಯೋಗದ ಸದಸ್ಯರಲ್ಲಿ ಹಲವರು ನಂಬುತ್ತಾರೆ ಎಂದರು. ರಷ್ಯದ ತನಿಖಾ ಸಂಸ್ಥೆಯ ಅಧಿಕಾರಿ ಆ ಕೋನವನ್ನೂ ಪರಿಶೀಲಿಸುವುದಾಗಿ ಹೇಳಿದರು. ಯಹೂದಿ ಸಂಘಟನೆಗಳು ಬೆಚ್ಚಿಬಿದ್ದವು. 'ಯಹೂದಿ' ಎಂಬ ಪದವನ್ನು ಬಿಷಪ್ ಬಳಸಿರಲಿಲ್ಲ. 1913ರ ಮೊದಲ ಪ್ರಶ್ನೆಯೂ ಆ ಪದವನ್ನು ಆರೋಪಿಯ ಜಾಗದಲ್ಲಿ ಬಳಸಿರಲಿಲ್ಲ.

ಲುಕ್ಯಾನೊವ್ಕಾದ ಸ್ಮಶಾನದಲ್ಲಿ ಆಂಡ್ರೆಯ ಸಮಾಧಿ ಈಗಲೂ ಇದೆ. ಅಪವಾದವನ್ನು ನಂಬುವವರು ಅಲ್ಲಿಗೆ ಇಂದಿಗೂ ಹೂ ತರುತ್ತಾರೆ, ಅವನನ್ನು ಹುತಾತ್ಮ ಎನ್ನುತ್ತಾರೆ. ಅವನನ್ನು ಕೊಂದದ್ದಕ್ಕಾಗಿ ಬೇಲಿಸ್‌ನನ್ನು ಬಿಟ್ಟು ಇನ್ನಾರನ್ನೂ ಯಾವ ನ್ಯಾಯಾಲಯವೂ ಕಟಕಟೆಯಲ್ಲಿ ನಿಲ್ಲಿಸಲಿಲ್ಲ.